ನಾಯಿ ಇದ್ದರೆ ಏಳು ಲರಿ

ತ್ಬಿಲಿಸಿಯ ಒಣಸೇತುವೆಯ ಮೇಲೆ
ಹಳೇ ಫೋಟೋ ಮಾರುವವನು ನಾನು.
ಕೆಳಗಿನ ಹೊಳೆ ಬತ್ತಿದ ಮೇಲೆ ಸೇತುವೆಗೆ ಬಂದ ಹೆಸರು ಅದು,
ಮೊದಲೇನು ಕರೆಯುತ್ತಿದ್ದರೋ ಕೇಳಿದರೆ ಯಾರೂ ಹೇಳರು.

ಬೂಟಿನ ಡಬ್ಬಗಳು ಆರು. ಮೇಲೆ ನನ್ನದೇ ಸೊಟ್ಟ ಅಕ್ಷರ:
ಮದುವೆ. ಸಿಪಾಯಿ. ಕಡಲು. ಮಕ್ಕಳು. ನಾಯಿ.
ಆರನೆಯದಕ್ಕೆ ಹೆಸರಿಲ್ಲ. ಯಾವುದೆತ್ತಿದರೂ ಒಂದು ಲರಿ.

ಪಕ್ಕದಲ್ಲಿ ಪದಕ ಮಾರುವ ಒತಿಯಾ ಅನ್ನುತ್ತಾನೆ:
ಎಲ್ಲ ಒಂದೇ ಗುಡ್ಡೆ ಹಾಕು ಮಾರಾಯ, ಹುಡುಕುವವ ಹುಡುಕಲಿ.
ಹುಡುಕುವವ ಹುಡುಕುತ್ತಾನೆ, ಕೊಳ್ಳುವವ ಮುಂದೆ ಹೋಗುತ್ತಾನೆ.
ಗಿರಾಕಿಗೆ ಮುಖ ಬೇಡ, ವಿಷಯ ಬೇಕು.
ಸಿಪಾಯಿಗೆ ಐದು, ಮದುವೆಗೆ ಮೂರು,
ನಾಯಿ ಇದ್ದರೆ ಏಳು. ಯಾಕೆಂದು ನನ್ನ ಕೇಳಬೇಡಿ,
ಸತ್ತ ಮನುಷ್ಯರಿಗಿಂತ ಸತ್ತ ನಾಯಿಗೆ
ಜನ ಹೆಚ್ಚು ಬಿಚ್ಚುತ್ತಾರೆ.

ಒಂದು ಫೋಟೋ ಮಾತ್ರ ಸತಾಯಿಸಿತು.
ಬತೂಮಿಯ ಉರುಟುಕಲ್ಲಿನ ದಂಡೆ. ಸಮವಸ್ತ್ರದ ಹುಡುಗ,
ಅವನ ತೋಳು ಹಿಡಿದ ಬಿಳಿ ಉಡುಪಿನ ಹುಡುಗಿ, ಕೈಯಲ್ಲಿ ಹೂವು,
ಮದುವೆಯೋ ಬೀಳ್ಕೊಡುಗೆಯೋ.
ಪಕ್ಕದಲ್ಲಿ ಯಾರದೋ ಮಗು, ನಡುವೆ ಓಡಿ ಬಂದದ್ದಿರಬೇಕು,
ಒಂದು ಕೈ ಮಸುಕು. ಅದರ ಹಿಂದೆ
ನೀರಿಂದೆದ್ದು ಮೈ ಕೊಡವುತ್ತಿರುವ ನಾಯಿ.
ಐದೂ ಡಬ್ಬಕ್ಕೆ ಸಲ್ಲುವಂಥದ್ದು.
ಸಿಪಾಯಿಗೆ ಹಾಕಿದೆ.

ಶನಿವಾರ ಒಬ್ಬಾಕೆ ಬಂದಳು, ಎಪ್ಪತ್ತು ದಾಟಿದವಳು,
ಚೀಲದಲ್ಲಿ ಈರುಳ್ಳಿಸೊಪ್ಪು. ಡಬ್ಬ ಡಬ್ಬ ತಡಕಿದಳು,
ಏನೂ ಕೊಳ್ಳಲಿಲ್ಲ. ಸಂಜೆ ಕಟ್ಟುವಾಗ ನೋಡಿದರೆ
ಆ ಫೋಟೋ ಮದುವೆಯಲ್ಲಿತ್ತು.
ನನ್ನದೇ ಮರೆವೆಂದು ಹಿಂದಕ್ಕೆ ಹಾಕಿದೆ.
ಮರುವಾರ ಅದು ಕಡಲಿನಲ್ಲಿ. ಅದರ ಮರುವಾರ ಮಕ್ಕಳಲ್ಲಿ.
ಚಳಿಗಾಲ ಪೂರ್ತಿ ನಾವಿಬ್ಬರೂ ತುಟಿ ಬಿಚ್ಚದೆ
ಚದುರಂಗ ಆಡಿದೆವು,
ಒಂದೇ ಕಾಯಿಯಲ್ಲಿ.

ಕೊನೆಗೆ ನಾನೇ ಸೋತು ಕೇಳಿದೆ:
ಕಲ್ಬತೊನೊ, ಇದು ಎಲ್ಲಿರಬೇಕು ಹೇಳಿಬಿಡಿ.
ಅವಳು ಕೈಗವಸು ಕಳಚಿ ಕೆಳಗಿನ ಅಂಚಿಗೆ ಬೆರಳಿಟ್ಟಳು.
ನಾನಿರುವುದು ಇಲ್ಲಿ, ಎಂದಳು.
ಅಲ್ಲಿ ಯಾರೂ ಇರಲಿಲ್ಲ. ಕಲ್ಲುಗಳ ಮೇಲೆ ನೀಳ ನೆರಳೊಂದು,
ಎರಡು ಮೊಣಕೈ ಎತ್ತಿದ್ದು.
ಹದಿನಾಲ್ಕು ವರ್ಷ ನನಗೆ. ಕ್ಯಾಮೆರಾ ಪಕ್ಕದ ಮನೆಯವರದು.

ಒಯ್ಯಿರಿ, ದುಡ್ಡು ಬೇಡ, ಎಂದೆ.
ಬೇಡಪ್ಪ. ಮನೆಗೆ ಒಯ್ದರೆ ಇದು
ಬರೇ ನನ್ನ ಅಕ್ಕ ಆಗಿಬಿಡುತ್ತದೆ.

ಏಪ್ರಿಲ್‌ನಲ್ಲಿ ಡಚ್ಚನೊಬ್ಬ ಬಂದ.
ಆ ವಾರ ಅದು ನಾಯಿ ಡಬ್ಬದಲ್ಲಿತ್ತು, ಅವಳೇ ಇಟ್ಟದ್ದು.
ಹನಿ ನೋಡಿ, ಹನಿ, ಎಂದ.
ನೋಡಿದೆ. ನಾಯಿಯ ಸುತ್ತ ಒಂದೊಂದೂ
ಗಾಳಿಯಲ್ಲಿ ಹಾಗೇ ನಿಂತಿತ್ತು;
ಐದು ತಿಂಗಳು ಕೈಯಲ್ಲಿ ಹಿಡಿದೂ ನಾನು ಕಂಡಿರಲಿಲ್ಲ.
ಏಳು ಲರಿ ಎಣಿಸಿದ. ಇಲ್ಲ ಅನ್ನಬಹುದಿತ್ತು.
ಬಾಡಿಗೆ ಕಟ್ಟುವ ದಿನ.

ಶನಿವಾರ ಅವಳು ಬಂದಾಗ ಒತಿಯಾ
ಪದಕ ಉಜ್ಜುತ್ತಿದ್ದವ ತಲೆ ಎತ್ತಲಿಲ್ಲ.
ಮದುವೆ ನೋಡಿದಳು, ಸಿಪಾಯಿ, ಕಡಲು, ಮಕ್ಕಳು.
ನಾಯಿ ಡಬ್ಬದಲ್ಲಿ ಕೈ ಬಹಳ ಹೊತ್ತು ಇತ್ತು.
ನಾನು ಥರ್ಮಾಸ್‌ನಿಂದ ಚಹಾ ಬಗ್ಗಿಸಿದೆ, ಎರಡು ಲೋಟ.
ಹೇಳಬೇಕಿತ್ತು.
ಅವಳು ಹೆಸರಿಲ್ಲದ ಡಬ್ಬದಿಂದ ಒಂದನ್ನೆತ್ತಿದಳು,
ಯಾರದೋ ಅಡುಗೆಮನೆ, ಮೇಜು, ಒಂದು ಖಾಲಿ ಕುರ್ಚಿ.
ಅದನ್ನು ಕಡಲಿನಲ್ಲಿಟ್ಟು
ಚಹಾ ಕುಡಿದು ಹೋದಳು.

ಅದು ಅಲ್ಲೇ ಇದೆ. ನಾನು ತೆಗೆದಿಲ್ಲ.
ಕಡಲು ಕೇಳಿ ಬಂದವರು ಎತ್ತಿ ತಿರುಗಿಸಿ
ಇದರಲ್ಲಿ ಕಡಲೆಲ್ಲಿ, ಎನ್ನುತ್ತಾರೆ.
ಕಿಟಕಿಯಾಚೆ, ಎನ್ನುತ್ತೇನೆ.
ಪರದೆ ಎಳೆದಿದೆಯಲ್ಲ.
ಹೌದು, ಎಳೆದಿದೆ.