ದವಡೆಯ ಅಚ್ಚು

ಬೋಳಾರದ ಆ ಹಂಚಿನ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ.
ಹಂಚು ಸುಡುತ್ತಿದ್ದ ಭಟ್ಟಿಯ ಜಾಗದಲ್ಲಿ ಈಗ
ಸರಪಳಿಗೆ ನೇತುಬಿಟ್ಟ ಮೂರು ಚೀಲ,
ಒಂದು ಹರಿದು ಗೋಣಿದಾರದಲ್ಲಿ ಹೊಲಿದದ್ದು.
ಡೊಂಬಯ್ಯ ಮಾಸ್ಟ್ರು ನನ್ನ ಚಪ್ಪಲಿ ನೋಡಿದರು,
ಕನ್ನಡಕ ನೋಡಿದರು,
"ಮಗಳನ್ನು ಸೇರಿಸಲಿಕ್ಕಾ?"
ಅಲ್ಲ, ನನ್ನನ್ನೇ, ಅಂದೆ.
ನಲವತ್ತಾರು, ಅಂದೆ, ಅವರು ಕೇಳುವ ಮೊದಲೇ.

ಮೊದಲ ವಾರ ಹೊಡೆಯಲಿಕ್ಕೇ ಇಲ್ಲ. ನಿಲ್ಲುವುದು ಮಾತ್ರ.
ಎಡಗಾಲು ಮುಂದೆ, ಬಲ ಹಿಮ್ಮಡಿ ಚೂರು ಎತ್ತಿ,
ಅದರಡಿಯಲ್ಲಿ ಇರುವೆ ಸಾಲು ಹೋಗುತ್ತಾ ಉಂಟು
ಅಂತ ತಿಳಿಯಿರಿ, ಅಂದರು ಮಾಸ್ಟ್ರು.
ಇಷ್ಟು ವರ್ಷ ನಿಂತೇ ದುಡಿದವಳು ನಾನು,
ನಿಲ್ಲಲಿಕ್ಕೆ ಬರುವುದಿಲ್ಲ ಅಂತ ಅಲ್ಲಿ ಗೊತ್ತಾಯಿತು.

ಹಗ್ಗ ಹಾರುವುದಂತೂ ಕೇಳಬೇಡಿ.
ಹಗ್ಗ ನೆಲಕ್ಕೆ ಬಡಿದ ಮೇಲೆ ನನಗೆ ಹಾರುವ ನೆನಪು.
ಹತ್ತು ಹಾರಿದರೆ ಒಮ್ಮೆ ಮೂತ್ರಕ್ಕೆ ಓಡಬೇಕು.
ಎರಡು ಹೆರಿಗೆ ಆದವರು ಅರ್ಥ ಮಾಡಿಕೊಳ್ಳುತ್ತಾರೆ,
ಉಳಿದವರಿಗೆ ಹೇಳುವುದಿಲ್ಲ.

ಒಂದೇ ಒಂದು ವಿದ್ಯೆ ಮೊದಲೇ ಬರುತ್ತಿತ್ತು:
ಕೈಗೆ ಪಟ್ಟಿ ಸುತ್ತುವುದು.
ಶಂಕರಪುರದ ತಾಯಿಮನೆಯಲ್ಲಿ
ಹೂವಿನ ಗಾಡಿ ಬರುವ ಮೊದಲು
ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಕಟ್ಟಿ
ಬೆರಳಿನಲ್ಲೇ ಉಳಿದುಹೋದ ಬಿಗಿ ಅದು.
ಮೊಗ್ಗು ನಲುಗಬಾರದು, ಜಾರಲೂಬಾರದು.
ಹೆಬ್ಬೆರಳಿಗೆ ಒಂದು ಸುತ್ತು, ಮಣಿಕಟ್ಟಿಗೆ ಮೂರು,
ಗೆಣ್ಣುಗಳ ಮೇಲೆ ಅಡ್ಡಡ್ಡ.
ಮಾಸ್ಟ್ರು ಹುಡುಗರನ್ನು ಕರೆದರು:
"ಅಪೊಲಿನ್ ಬಾಯಮ್ಮನ ಕೈ ನೋಡಿ ಮಾರಾಯ್ರೆ!"

ಹಗಲು ನಾನು ಕಂಕನಾಡಿಯಲ್ಲಿ ಹಲ್ಲು ಮಾಡುತ್ತೇನೆ.
ಮುಖಗಳು ಬರುವುದಿಲ್ಲ ನನ್ನ ಮೇಜಿಗೆ,
ಚೀಟಿ ಅಂಟಿಸಿಕೊಂಡ ಜಿಪ್ಸಂ ದವಡೆಗಳು ಮಾತ್ರ.
ನಿದ್ದೆಯಲ್ಲಿ ಹಲ್ಲು ಕಡಿಯುವವರು,
ಒಂದೇ ಬದಿಯಲ್ಲಿ ಅಗಿಯುವವರು,
ಮೊಳೆ ಕಚ್ಚಿ ಕಚ್ಚಿ ಸವೆದ ಬಡಗಿಯ ಮುಂದಿನ ಹಲ್ಲು,
ಎಲ್ಲ ಗೊತ್ತಾಗುತ್ತದೆ. ಹೆಸರು ಮಾತ್ರ ಗೊತ್ತಿಲ್ಲ.
ಫೀಸಿನ ಬದಲಿಗೆ ಅಲ್ಲಿನ ಎಲ್ಲರಿಗೂ
ಬಾಯಿಗೆ ಹಾಕುವ ಗಾರ್ಡ್ ಮಾಡಿಕೊಟ್ಟೆ.
ಬೆಂಗ್ರೆಯಿಂದ ದೋಣಿ ದಾಟಿ ಬರುವ ಶಮ್ನಾ
ನೀಲಿ ಬೇಕು ಅಂದಳು. ನೀಲಿ.
ಹದಿನಾಲ್ಕು ವರ್ಷ,
ಮೇಲಿನ ಕೋರೆಹಲ್ಲೊಂದು ಸಾಲು ತಪ್ಪಿ ಮುಂದೆ ಬಂದದ್ದು.

ಆರನೇ ತಿಂಗಳು ಅವಳ ಎದುರಿಗೇ ನಿಲ್ಲಿಸಿದರು ನನ್ನನ್ನು.
ಅವಳ ಭುಜಕ್ಕೆ ನನ್ನ ಗ್ಲೌಸ್ ತಾಗಿತು.
"ಸಾರಿ ಮಗಾ" ಅಂದೆ, ಗಾರ್ಡ್ ಕಚ್ಚಿದ ಬಾಯಲ್ಲೇ.
ಮತ್ತೆ ತಾಗಿತು. ಮತ್ತೆ ಸಾರಿ.
"ಎಂತ ಬಾಯಮ್ಮ, ಇದು ಇಗರ್ಜಿಯಾ?" ಅಂದರು ಮಾಸ್ಟ್ರು.
ಎಲ್ಲರೂ ನಕ್ಕರು. ಶಮ್ನಾ ನಗಲಿಲ್ಲ.
ನೀಲಿಯನ್ನು ಗ್ಲೌಸಿಗೆ ಉಗುಳಿ ಹೇಳಿದಳು:
"ಆಂಟಿ, ಸಾರಿ ಹೇಳುವಾಗ ನಿಮ್ಮ ಕೈ ಕೆಳಗೆ ಬರ್ತದೆ.
ಆಗ ನಾನು ಹೊಡಿಯಲೇಬೇಕಾಗ್ತದೆ."

ಹೊಡೆದಳು.
ಕಾಣಲಿಲ್ಲ ನನಗೆ, ಕಣ್ಣು ಮುಚ್ಚಿದ್ದೆ.
ಬಾಯೊಳಗೆ ನಾನೇ ಒತ್ತಿ ಮಾಡಿದ ಅಚ್ಚು
ನನ್ನ ಹಲ್ಲುಗಳನ್ನು ಹಿಡಿದುಕೊಂಡಿತು,
ಒಂದು ಕೂದಲೆಳೆಯಷ್ಟೂ ಅಲ್ಲಾಡದೆ.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ನಾನು ಮಾಡಿದ್ದು ಒಳಗಿನಿಂದ ಹೇಗಿರುತ್ತದೆ ಅಂತ ತಿಳಿಯಿತು.
ನೋವು ಬಂದದ್ದು ಆಮೇಲೆ,
ಬಸ್ಸು ದಾಟಿದ ಮೇಲೆ ಬರುವ ಧೂಳಿನ ಹಾಗೆ.
ಇಷ್ಟೇನಾ, ಅನ್ನಿಸಿತು.
ಇಷ್ಟೇ ಅಲ್ಲ ಅಂತ ಮರುದಿನ ಕುತ್ತಿಗೆ ಹೇಳಿತು.

ಎರಡನೆಯದು ಬಂತು.
ಕಂಡಿತು:
ಗ್ಲೌಸಿನ ಮೇಲಿನ ಬಿರುಕು, ಅದರ ಹಿಂದೆ ನೀಲಿ,
ನೀಲಿಯಲ್ಲಿ ಉಬ್ಬಿ ನಿಂತ ಆ ಹಲ್ಲು.
ತಲೆ ನಾನು ಸರಿಸಿದೆನಾ, ತಾನಾಗಿ ಸರಿಯಿತಾ,
ಕಿವಿಯ ಪಕ್ಕ ಗಾಳಿ ಹೋಯಿತು.
ಶಮ್ನಾ ಒಂದು ಹುಬ್ಬು ಏರಿಸಿದಳು, ಅಷ್ಟೆ.

"ತುಟಿಗೆ ಎಂತ ಆಯಿತು?" ಕೇಳಿದರು ವಲೇರಿಯನ್,
ಊಟಕ್ಕೆ ಕೂತಾಗ.
ಹೇಳಬೇಕಾದ್ದು ತುಂಬ ಇತ್ತು.
"ಶಮ್ನಾ" ಅಂದೆ.
ಬಂಗುಡೆ ಸಾರಿನ ಹುಳಿ ತಾಗಿ ಚುರುಗುಟ್ಟಿತು.
ಇನ್ನೊಂದು ಸೌಟು ಬಡಿಸಿಕೊಂಡೆ.