ಪಾಕ ಹಿಡಿಯುವ ಹೊತ್ತು

ರಾತ್ರಿ ಎರಡಕ್ಕೆ ಮಾತ್ರೆ ಕುಟ್ಟುತ್ತೇನೆ.
ಪಿಂಗಾಣಿ ಕುಟ್ಟಾಣಿ, ಬೆರಳುದ್ದದ ಒನಕೆ.
ಮೂರನೇ ಮಹಡಿಯಲ್ಲಿ ಇಷ್ಟೊಂದು ಸದ್ದು ಮಾಡುವವಳು
ನಾನೊಬ್ಬಳೇ.
ನುಣ್ಣಗಾಗಬೇಕು, ತರಿ ಉಳಿದರೆ ಕೊಳವೆ ಕಟ್ಟಿಕೊಳ್ಳುತ್ತದೆ.
ನೀರಲ್ಲಿ ಕದಡಿ, ಮೂಗಿನಿಂದ ಹೊಟ್ಟೆಗಿಳಿಸಬೇಕು
ಏಳನೇ ಹಾಸಿಗೆಯ ಮಂಚಯ್ಯನಿಗೆ.

ಪಾಂಡವಪುರದ ಆಚೆ ಆಲೆಮನೆಯಲ್ಲಿ ಪಾಕ ನೋಡುವವನು.
ಮೊನ್ನೆ ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದನಂತೆ,
ಮರದ ಹುಟ್ಟು ಕೈಯಲ್ಲೇ.
ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗ, ಇರ್ಫಾನ್,
ಯಾವಾಗಲೋ ಮೊಬೈಲಿನಲ್ಲಿ ನೋಡಿದ್ದು ನೆನೆದು
ಎದೆ ಒತ್ತಿದ, ಒತ್ತಿದ,
ಆಂಬುಲೆನ್ಸ್ ಮೈಸೂರಿನಿಂದ ಬರುವ ತನಕ ಒತ್ತಿದ.
ಎರಡು ಪಕ್ಕೆಲುಬು ಮುರಿದವು.
ಹೃದಯ ಮರಳಿತು.
ಮಂಚಯ್ಯ ಮಾತ್ರ ಇನ್ನೂ ಬಂದಿಲ್ಲ.

ಮುಚ್ಚಿದ್ದ ರಕ್ತನಾಳದೊಳಗೆ ಈಗ ಸ್ಟೆಂಟ್ ಇದೆ,
ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದು,
ಬಿಲ್ಲಿನಲ್ಲಿ ಅದಕ್ಕೇ ಬೇರೆ ಸಾಲು.
ಮಿದುಳು ಕೆಡದಿರಲೆಂದು ಮೈಯನ್ನು
ಮೂವತ್ಮೂರು ಡಿಗ್ರಿಗೆ ಇಳಿಸಿದ್ದೇವೆ.
ಮುಟ್ಟಿದರೆ ಮಾಘದ ಹಿತ್ತಾಳೆ ಚೆಂಬು.

ಸಂಜೆ ಚಿಕ್ಕತಾಯಮ್ಮ ಐದು ನಿಮಿಷಕ್ಕೆಂದು ಒಳಗೆ ಬಂದಳು,
ಗಂಡನ ಪಾದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.
"ಯಾಕವ್ವ ಇಷ್ಟು ತಣ್ಣಗೆ ಮಡಗಿದ್ದೀರಿ?
ತಣ್ಣಗಾದ್ರೆ ಗಟ್ಟಿ ಆಯ್ತದಲ್ಲ?
ಪಾಕ ಒಲೆ ಇಳ್ಸಿ ದೋಣಿಗೆ ಸುರುದ್ಮೇಲೆ
ಕೈಯಾಡಿಸ್ತಾನೇ ಇರ್ಬೇಕು.
ಒಂಚೂರು ಮೈಮರುತ್ರೆ ಮುಗೀತು."

ನಾನು ಉತ್ತರ ಕೊಡಲಿಲ್ಲ.
ಮಧ್ಯಾಹ್ನ ಕಾರಿಡಾರಿನಲ್ಲಿ ಇಬ್ಬರು ಡಾಕ್ಟರು
ಇದನ್ನೇ ಇಂಗ್ಲಿಷಿನಲ್ಲಿ ಕೇಳಿಕೊಳ್ಳುತ್ತಿದ್ದರು:
ತಣಿದ ಹೊಟ್ಟೆ ಮಾತ್ರೆಯನ್ನು ಹೀರುವುದೋ ಇಲ್ಲವೋ,
ಹೊಸ ತಂತಿಯ ಮೇಲೆ ರಕ್ತ ಹೆಪ್ಪುಗಟ್ಟಿದರೆ,
ತೆಳುವಾಗಿಸಲು ಹೋಗಿ ಮುರಿದ ಪಕ್ಕೆಯೊಳಗೆ ಸೋರಿದರೆ.
ಇಬ್ಬರ ಕಾಫಿಯೂ ಕೆನೆಗಟ್ಟಿತ್ತು.

ಬೇರೆಯವರಾದರೆ ಹೇಳುತ್ತಾರೆ.
ನಾಲ್ಕನೇ ಹಾಸಿಗೆಯ ಮೇಷ್ಟ್ರು ಗಂಟೆಗೊಮ್ಮೆ ಕರೆಯುತ್ತಾರೆ:
ಸಿಸ್ಟರ್, ಎದೆ ಹಿಂಡಿದ ಹಾಗೆ. ಸಿಸ್ಟರ್, ಭುಜ. ಸಿಸ್ಟರ್, ಫ್ಯಾನು.
ಒಳಗೊಳಗೇ ಬೈಯುತ್ತ ಹೋಗುತ್ತೇನೆ.
ಇವನು ಕರೆಯುವುದಿಲ್ಲ.
ಸ್ಟೆಂಟು ಮತ್ತೆ ಕಟ್ಟಿಕೊಂಡರೆ ಆ ನೋವು
ಯಾರೂ ಇಲ್ಲದ ಮನೆಗೆ ಬಂದ ನೆಂಟನಂತೆ
ಬಾಗಿಲು ಬಡಿದು ಬಡಿದು ಹೋಗುತ್ತದೆ.
ನನಗೆ ತಿಳಿಯುವುದು ಪರದೆಯ ಹಸಿರು ಗೆರೆಯಿಂದ,
ಅದು ಒಂದು ಮಿಲಿಮೀಟರ್ ಮೇಲೆದ್ದರೆ,
ಆಗ ನಾನು ನೋಡುತ್ತಿದ್ದರೆ.

ಪಾಕ ಬಂತೆಂದು ಹೇಗೆ ತಿಳಿಯುತ್ತದೆ, ಅವಳನ್ನು ಕೇಳಿದ್ದೆ.
"ಬಟ್ಲು ನೀರ್ಗೆ ಒಂದು ತೊಟ್ಟು ಬಿಡ್ತಾರೆ, ಉಂಡೆ ಕಟ್ಟುದ್ರೆ ಆಯ್ತು.
ಆದ್ರೆ ಅದ್ಕೂ ಮುಂಚೆ ಅವ್ರ್ಗೆ ಗೊತ್ತಾಗ್ಬುಟ್ಟಿರ್ತದೆ,
ಗುಳ್ಳೆ ಒಡೆಯೋ ಸದ್ದೇ ಬದ್ಲಾಯ್ತದಂತೆ.
ಮೂವತ್ತೊರ್ಸ ಪಕ್ಕದಲ್ಲೇ ಕೂತಿವ್ನಿ.
ನಂಗೊಂದಿನಾನೂ ಕೇಳಿಸ್ನಿಲ್ಲ."

ನಾಲ್ಕು ಗಂಟೆ. ಕೊಳವೆಗೆ ಸಿರಿಂಜು ಹಾಕಿ ಎಳೆದೆ.
ಎರಡಕ್ಕೆ ಕೊಟ್ಟ ಪುಡಿ ಹಾಗೇ ಹಿಂದಕ್ಕೆ ಬಂತು,
ಸುಣ್ಣದ ತಿಳಿಯಂತೆ.
ಹೊಟ್ಟೆಯೂ ಮಲಗಿದೆ. ಕುಟ್ಟಿದ್ದೆಲ್ಲ ದಂಡ.
ಡಾಕ್ಟರ್ ಫೆಲಿಷಿಯಾ ಕಣ್ಣುಜ್ಜಿಕೊಂಡು ಬಂದರು,
ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದರು,
ಔಷಧಿಯನ್ನು ನೇರ ರಕ್ತನಾಳಕ್ಕೇ ಹನಿಸಿ ಎಂದು
ಇಂಗ್ಲಿಷಿನಲ್ಲಿ ಬರೆದು, ಗಡಿಯಾರ ನೋಡಿ ಸಮಯ ಹಾಕಿ,
ಅವನ ಪಕ್ಕೆಯ ಕಡೆ ತಿರುಗಿ
"ಏನಾಗುತ್ತೋ" ಅಂತ ಕನ್ನಡದಲ್ಲಿ ಅಂದರು.

ಪಂಪು ತನ್ನ ಪಾಡಿಗೆ ಎಣಿಸುತ್ತಿದೆ.
ಸ್ಟೂಲೆಳೆದು ಪರದೆಯೆದುರು ಕೂತಿದ್ದೇನೆ.
ಗೆರೆ ಇದ್ದಲ್ಲೇ ಇದೆ.
ಇದ್ದಲ್ಲೇ ಇದೆಯಾ?
ಆರಕ್ಕೆ ಮೈ ಬಿಸಿಯೇರಿಸಲು ಶುರು,
ಗಂಟೆಗೆ ಕಾಲು ಡಿಗ್ರಿ, ಅದಕ್ಕಿಂತ ಅವಸರ ಕೂಡದು.

ಸೆಕ್ಯುರಿಟಿಯವನು ನೋಡುವ ಮುಂಚೆ
ಚಿಕ್ಕತಾಯಮ್ಮ ಕೈಗೆ ತುರುಕಿದ ಪೊಟ್ಟಣ
ಏಪ್ರನ್ ಜೇಬಿನಲ್ಲಿ ಹಾಗೇ ಇದೆ.
ಮೊನ್ನೆಯ ಕೊಪ್ಪರಿಗೆಯದು.
ಅಚ್ಚಿಗೆ ಹೊಯ್ಯುವವರಿಲ್ಲದೆ ತಳದಲ್ಲೇ ಕೂತದ್ದನ್ನು
ಇರ್ಫಾನ್ ಕೆರೆದು ಕೊಟ್ಟನಂತೆ. ಸೀದ ವಾಸನೆ.
ನನ್ನ ಮೈಯ ಕಾವಿಗೆ ಕಾಗದ ದಾಟಿ
ಬಟ್ಟೆಗೆ ಅಂಟುತ್ತಿದೆ.