ದಾಟಿಸುವವಳು

ಶಾಲೆಯ ತಿರುವಿನಲ್ಲಿ ಮೂವತ್ತೊಂದು ವರ್ಷ ನಿಂತಿದ್ದೇನೆ.
ಹಳದಿ ಕೋಟು, ಉದ್ದ ಕೋಲು, ಕೋಲಿನ ತುದಿಗೆ
ರೊಟ್ಟಿಯಗಲದ ಹಲಗೆ: ನಿಲ್ಲು.
ಲಾರಿ ನಿಲ್ಲುತ್ತದೆ. ಒಮ್ಮೆ ಹೆಣದ ಗಾಡಿಯೂ ನಿಂತಿದೆ.
ಡೀನ್ ಥ್ರೆಲ್‌ಫಾಲ್‌ನನ್ನು ದಾಟಿಸಿದವಳು ನಾನೇ.

ಆರು ವರ್ಷದವ. ಮೂಗು ಸೋರುತ್ತಿತ್ತು.
ಬಿಳಿ ಪಟ್ಟೆಯ ಮೇಲಷ್ಟೇ ಕಾಲಿಡುವನು,
ನಡುವಿನ ಕಪ್ಪು ತುಳಿದರೆ ಅಪ್ಪನ ಕೆಲಸ ಹೋಗುತ್ತದಂತೆ.
"ಈಗ" ಎಂದು ನಾನೆನ್ನುವ ತನಕ ಕದಲನು.
ನನ್ನ ಕೈ ಹಿಡಿದು ಅವನು, ಅವನ ಕೈ ಹಿಡಿದು
ಟ್ಯಾಕ್ಸಿಯವನ ಮಗ ಜುಬೈರ್;
ಇಬ್ಬರಿಗೂ ಒಂದೇ ಚಿಪ್ಸ್ ಪೊಟ್ಟಣ,
ನನ್ನ ಕೈಗವಸು ಸಂಜೆವರೆಗೂ ವಿನಿಗರ್ ನಾರುತ್ತಿತ್ತು.

ಕಪ್ಪು ತುಳಿಯದಿದ್ದರೂ ಕೆಲಸ ಹೋಯಿತು.
ಚಪ್ಪಲಿ ಕಾರ್ಖಾನೆ, ಮನೆಯೊಳಗೆ ಮೆಟ್ಟುವ ಮೆತ್ತನೆಯವು,
ಯಾರ್ಯಾರದೋ ಪಾದ ಬೆಚ್ಚಗಿಟ್ಟ ಊರು ನಮ್ಮ ಹ್ಯಾಸಲ್‌ಡೆನ್,
ಒಂದು ಶುಕ್ರವಾರ ಗೇಟಿಗೆ ಸರಪಳಿ.
ಅವರಪ್ಪ ಕಾಲುವೆ ದಂಡೆಯಲ್ಲಿ ಗಾಳ ಹಿಡಿದು ಕೂತ.
ಮೀನಿಲ್ಲದ ಕಾಲುವೆ. ಎಲ್ಲರಿಗೂ ಗೊತ್ತಿತ್ತು, ಅವನಿಗೂ.

ಮೊದಲ ಸಭೆಗೆ ಹನ್ನೊಂದು ಜನ, ಪಬ್ಬಿನ ಮಾಳಿಗೆಯಲ್ಲಿ.
ನಾನೂ ಒಬ್ಬಳು. ಮುಚ್ಚಿಡಲಾರೆ.
ಡೀನ್ ಎದ್ದ, ಇಸ್ತ್ರಿ ಮಾಡಿದ ಅಂಗಿ,
ಊರಿನ ಬಸ್ಸು ನಿಂತದ್ದು ಹೇಳಿದ,
ಹಲ್ಲಿನ ಡಾಕ್ಟರಿಗೆ ಹದಿನಾಲ್ಕು ತಿಂಗಳು ಕಾದು ಅವನ ತಾಯಿ
ಇಕ್ಕಳ ಹಿಡಿದು ತಾನೇ ಕಿತ್ತುಕೊಂಡದ್ದು ಹೇಳಿದ.
ಸುಳ್ಳೊಂದೂ ಇರಲಿಲ್ಲ. ಚಪ್ಪಾಳೆ ತಟ್ಟಿದೆ,
ಅಂಗೈ ಉರಿಯುವಷ್ಟು.
ಆಮೇಲೆ ಒಂದು ಪದ ತೆಗೆದ: "ಅವರು."
ಸಣ್ಣ ಪದ, ಸೂಜಿಯ ಕಣ್ಣಷ್ಟು.
ಇಡೀ ಊರಿನ ನೋವು ಅದರೊಳಗೆ ನೂಲಾಗಿ ತೂರಿತು.
ಆಗಲೂ ನನ್ನ ಕೈ ತಟ್ಟುತ್ತಲೇ ಇತ್ತು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ,
ಅವನು ತೂರಿದ. ಕಾಳು ಅವನ ಚೀಲಕ್ಕೆ,
ಜೊಳ್ಳು ನಮ್ಮ ಕಣ್ಣಿಗೆ.
ಮಾಳಿಗೆ ಸಾಲದೆ ಅಂಗಳ, ಅಂಗಳ ಸಾಲದೆ ಸಂತೆ ಚೌಕ,
ಚೌಕವೂ ಸಾಲದಾಗ ಫೋನು;
ಕೋಲಿನ ತುದಿಗೆ ಅವನದೂ ಒಂದು ಹಲಗೆ,
ನಿಲ್ಲು ಎನ್ನದ ಹಲಗೆ.
ಲೈಟು ಕಂಬಕ್ಕೆಲ್ಲ ಬಾವುಟ ಬಿಗಿದರು,
ಮಳೆಗೆ ತೊಯ್ದು ಒಗೆದ ಟವೆಲ್ಲಿನಂತೆ ಜೋತವು.
ದೇಣಿಗೆ ಬಂತು. ಅಂಗರಕ್ಷಕ ಬಂದ. ಬೆಳ್ಳಗಿನ ಹೊಸ ಹಲ್ಲು ಬಂದವು, ಅವನಿಗೆ.
ಊರಿಗೆ ಬಸ್ಸಿಲ್ಲ ಎಂದಿದ್ದನಲ್ಲ,
ಬಸ್ಸುಗಳೂ ಬಂದವು: ಹದಿನೇಳು, ಅವನ ಜನ ತುಂಬಿಕೊಂಡು.

ಆಗಸ್ಟಿನ ಆ ಶನಿವಾರ ಹಳೇ ಹೋಟೆಲಿನೆದುರು
(ಕಡಲು ದಾಟಿ ಬಂದವರನ್ನು ಸರ್ಕಾರ ಇಟ್ಟಿದ್ದ ಹೋಟೆಲು)
ಟ್ರಕ್ಕಿನ ಮೇಲೆ ನಿಂತು ಡೀನ್ ಅಂದದ್ದು ಒಂದೇ ಮಾತು:
"ಈಗ."
ನನ್ನದೇ ಪದ. ಎಳೆದ ರಾಗವೂ ನನ್ನದೇ.
ಗಾಜು ಒಡೆದ ಸದ್ದು ನನ್ನ ಅಡಿಗೆಮನೆವರೆಗೂ ಕೇಳಿತು.
ಕೋಲು ಶಾಲೆಯ ಶೆಡ್ಡಿನಲ್ಲಿತ್ತು, ಬೀಗದೊಳಗೆ. ಶನಿವಾರವಲ್ಲವೇ.
ಕೈಲಿದ್ದಿದ್ದರೆ ಹೋಗುತ್ತಿದ್ದೆನೇ? ಕೇಳಬೇಡಿ.
ಅಪ್ಪನ ಟ್ಯಾಕ್ಸಿಯನ್ನು ಈಗ ಓಡಿಸುವ ಜುಬೈರ್
ಅಂದು ದೀಪವಾರಿಸಿ ಮನೆಯಲ್ಲೇ ಉಳಿದನಂತೆ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು.
ನನ್ನ ಕೈ ಹಿಡಿದು ಹೋಟೆಲಿನ ಹುಡುಗಿ ಸೆನಾಯ್ತ್,
ಅವಳ ಕೈ ಹಿಡಿದು ಟಿಲ್ಲಿ, ಡೀನನ ಮಗಳು,
ಇಬ್ಬರೂ ಬಿಳಿಯಿಂದ ಬಿಳಿಗೆ ನೆಗೆಯುತ್ತ.
ಯಾರಿಗೆ ಯಾರು ಕಲಿಸಿದರೋ.
ಕರಿಯ ಕಾರೊಂದು ಹಲಗೆ ಕಂಡು ನಿಂತಿತು,
ಗಾಜಿಳಿಯಿತು, ಫೋನು ಹೊರಬಂತು, ಹೊಸ ಹಲ್ಲು ನಕ್ಕವು.
ನಾನೂ ನಕ್ಕೆ. ಎಷ್ಟಾದರೂ ದಾಟಿಸಿದ ಮಗು.

ಸಂಜೆ ಮೊಮ್ಮಗ ತೋರಿಸಿದ:
"ನಮ್ಮ ಬೆರಿಲ್. ನಿಜವಾದ ಇಂಗ್ಲೆಂಡ್."
ನಲವತ್ತು ಸಾವಿರ ಕೆಂಪು ಹೃದಯ ಅದರ ಕೆಳಗೆ.
ಚಿತ್ರದಲ್ಲಿ ಕೋಟಿದೆ, ಕೋಲಿದೆ, ನನ್ನ ನಗುವಿದೆ,
ಎಡಗೈ ಮಣಿಕಟ್ಟಿನಲ್ಲಿ ಮುಗಿದಿದೆ.
ಸೆನಾಯ್ತಳನ್ನು ಕತ್ತರಿಸುವಾಗ
ಆಚೆ ತುದಿಯ ಟಿಲ್ಲಿಯೂ ಹೋಗಿದ್ದಳು.